ತಾಯಿತದ ತಾಯಿ ಯಾರು?

ಸಂಶೋಧನ ಪ್ರಬಂಧವೊಂದರಲ್ಲಿ ‘ತಾಯಿ ಮಗುವಿಗೆ ಕಟ್ಟುವುದರಿಂದ ತಾಯಿತ’ ಎಂಬ ನಿರುಕ್ತಿ ಈಚೆಗೆ ಮತ್ತೆ ಎದುರಾಯಿತು. ಕೇಳಲು ಹಿತವಾಗಿದೆ, ಶಾಸ್ತ್ರಕ್ಕೆ ಸಲ್ಲದು. ಮರಾಠಿಯಲ್ಲಿಯೂ ಈ ವಸ್ತುವಿಗೆ ‘ತಾಈತ’ ಎಂದೇ ಹೆಸರು. ಅಲ್ಲಿ ತಾಯಿ ‘ಆಈ’. ಇವೆರಡರ ಮೂಲ ಅರಬ್ಬಿಯ ‘ತಅವೀಜ್’, ಆಶ್ರಯ ಬೇಡುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ.

ಹೆಸರು ಅರಬ್ಬಿಯದಾದರೆ ವಸ್ತುವೂ ಅಲ್ಲಿಂದಲೇ ಬಂದಿತೆಂದಲ್ಲ. ಅಥರ್ವವೇದದಲ್ಲಿಯೇ ಮಣಿ ಕಟ್ಟುವ ಸೂಕ್ತಗಳಿವೆ. ರಕ್ಷೆ, ಕಂಕಣಗಳು ನಮ್ಮಲ್ಲಿ ಹಳೆಯವು. ಆದರೂ ಹೊಸ ಹೆಸರು ಏಕೆ ನಿಂತಿತು? ಕೇಳಬೇಕಾದ ಪ್ರಶ್ನೆ ಇದು. ಕುಮಟಾದಿಂದ ಭಟ್ಕಳದವರೆಗಿನ ಕರಾವಳಿಯನ್ನು ಕುರಿತು ಬರೆಯುವವರು ಅರಬ್ಬೀ ಸಮುದ್ರವನ್ನು ಬಾಯ್ತುಂಬ ವರ್ಣಿಸುತ್ತಾರೆ, ಅರಬ್ಬೀ ಪದ ಕಂಡೊಡನೆ ಕಣ್ಣು ಮುಚ್ಚುತ್ತಾರೆ. ಇದು ಮುಗ್ಧ ಮರೆವೆಂದು ನಾನು ಒಪ್ಪಲಾರೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರದ ಮುಸ್ಲಿಂ ಸಮಾಜವನ್ನು ಕಂಡು ಬರೆದಿದ್ದಾನೆ. ವಿಜಯನಗರಕ್ಕೆ ಬೇಕಾದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಗೇರುಸೊಪ್ಪೆ, ಹಾಡುವಳ್ಳಿಗಳ ಜೈನ ಅರಸರ ನಾಡಿನ ಕಾಳುಮೆಣಸು ಇದೇ ಕಡಲಿನಿಂದ ಹೊರಡುತ್ತಿತ್ತು. ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಭಟ್ಕಳದ ನವಾಯತರ ಮಸೀದಿಗೂ ಒಂದೇ ವ್ಯಾಪಾರದ ಹಿನ್ನೆಲೆಯಿದೆ. ಮೆಣಸು, ಕುದುರೆಗಳ ಜೊತೆಗೆ ಮಾತು ಬಾರದಿರುವುದೇ?

ನಮ್ಮವರ ತಪ್ಪು ಇನ್ನೊಂದು ಬಗೆಯದು. ‘ಜೈನರಲ್ಲಿ ಇದಾವುದೂ ಇಲ್ಲ, ಎಲ್ಲವೂ ಲೋಕಮೂಢತೆ’ ಎಂದು ರತ್ನಕರಂಡಕ ಶ್ರಾವಕಾಚಾರವನ್ನು ಮುಂದಿಡುತ್ತಾರೆ. ಸಮಂತಭದ್ರರು ಲೋಕಮೂಢತೆಯೆಂದು ಹೇಳಿರುವುದು ನದಿ ಸಮುದ್ರಗಳ ಸ್ನಾನ, ಮರಳು ಕಲ್ಲುಗಳ ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿ ಹೊಗುವುದು ಇವನ್ನು. ಅಲ್ಲಿ ಕೈದಾರದ ಮಾತಿಲ್ಲ. ಭಾವಕ್ಕೆ ಅದೂ ಸೇರಬಹುದು, ವಾದಿಸಲಿ. ಆದರೆ 939ರಲ್ಲಿ ಮಾನ್ಯಖೇಟದಲ್ಲಿ ಇಂದ್ರನಂದಿ ಜ್ವಾಲಿನೀಕಲ್ಪವನ್ನು ರಚಿಸಿದುದನ್ನೂ, ಮಲ್ಲಿಷೇಣರ ಭೈರವಪದ್ಮಾವತೀಕಲ್ಪದ ಯಂತ್ರವಿಧಿಗಳನ್ನೂ ಮುಚ್ಚಿಟ್ಟು ವಾದಿಸುವಂತಿಲ್ಲ.

ಇವೆರಡರ ನಡುವೆ ಇಂಗ್ಲಿಷಿನ ‘ಚಾರ್ಮ್’ ಬೇರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಷೋಕಿಯಾದ ಪದಕಗಳ ಕೈಸರವನ್ನೂ ಹಾಲಕ್ಕಿ ಒಕ್ಕಲಗಿತ್ತಿಯರ ಕೊರಳ ಮಣಿಸರವನ್ನೂ ಒಂದೇ ಬುಟ್ಟಿಗೆ ಹಾಕಿ ‘ದೃಷ್ಟಿನಿವಾರಕ’ ಎಂಬ ಚೀಟಿ ಅಂಟಿಸುತ್ತಾರೆ. ಒಡವೆಯೆಲ್ಲ ತಾಯಿತವಲ್ಲ.

ಆ ಅಧ್ಯಾಯವನ್ನು ಹಿಂದಿರುಗಿಸಿದ್ದೇನೆ. ಭಟ್ಕಳದ ನವಾಯತ ಮನೆಯಲ್ಲಿ, ಹಾಡುವಳ್ಳಿಯ ಜೈನ ಮನೆಯಲ್ಲಿ ಮಗುವಿನ ಕೈಗೆ ಕಟ್ಟಿದುದಕ್ಕೆ ಏನೆನ್ನುತ್ತಾರೆಂದು ಕೇಳಿ ಬಂದ ಮೇಲೆ ಮರಳಿ ಬರೆಯಲಿ.