ನಡುಗುವ ಅಂಗೈ, ಕಾಣದ ದಾಸೋಹ



ಹಿರೇಕೆರೂರು ತಾಲ್ಲೂಕಿನ ರೈತರೊಬ್ಬರು ಈ ಅಂಕಣಕ್ಕೆ ಬರೆದ ಪತ್ರ ನನ್ನ ಮುಂದಿದೆ. ಅವರ ಮಗಳು ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ಸಂಶೋಧನಾಲಯವೊಂದಕ್ಕೆ ಪಿಎಚ್.ಡಿ. ಅಧ್ಯಯನಕ್ಕಾಗಿ ಆಯ್ಕೆಯಾಗಿದ್ದಾಳೆ. ಡೋಪಮೀನ್ ಎಂಬ ರಾಸಾಯನಿಕವು ಮಿದುಳಿನ ನರಸಂಧಿಗಳನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದು ಅವಳ ವಿಷಯ. ತಂದೆ ಬರೆಯುತ್ತಾರೆ: "ಶಾಸ್ತ್ರಿಗಳೆ, ಐದಾರು ವರ್ಷ ಇಲಿಯ ಮಿದುಳು ನೋಡುತ್ತ ಕೂಡ್ರುವುದಂತೆ. ಅದಕ್ಕೆ ಸರಕಾರ ತಿಂಗಳಿಗೆ 37,000 ರೂಪಾಯಿ ಕೊಡುವುದಂತೆ. ಇದರಿಂದ ಯಾರಿಗೇನು ಉಪಯೋಗವೆಂದು ಬೀಗರಾಗಬೇಕಾದವರು ಕೇಳುತ್ತಾರೆ; ನನಗೆ ಉತ್ತರ ಹೊಳೆಯುವುದಿಲ್ಲ. ಬಡವರ ತೆರಿಗೆಯ ಹಣ ಇಂಥದಕ್ಕೆ ಹೋಗುವುದು ನ್ಯಾಯವೆ? ಇದೂ ಒಂದು ಕಾಯಕವೆ?"

ಮಠದಲ್ಲಿ ಬೆಳೆದು ವ್ಯಾಕರಣ, ಶಾಸ್ತ್ರಗಳನ್ನು ಓದಿದ ನಾನು ವೈದ್ಯನಲ್ಲ. ಆದರೆ ಈ ಪ್ರಶ್ನೆಗೆ ಉತ್ತರವನ್ನು ನನ್ನ ಅಕ್ಕನ ಅಂಗೈಯಲ್ಲಿ ಕಂಡಿದ್ದೇನೆ.

ಅಕ್ಕನನ್ನು ಕೊಟ್ಟದ್ದು ಸವಣೂರು ಸೀಮೆಯ ಎಲೆತೋಟದ ಮನೆತನಕ್ಕೆ. ಎಲೆ ಎಣಿಸಿ ಕಟ್ಟು ಕಟ್ಟುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ಆ ಊರಿನಲ್ಲಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಆ ಬೆರಳುಗಳು ನಡುಗತೊಡಗಿದವು. ನಡಿಗೆ ನಿಧಾನವಾಯಿತು, ಮುಖದ ಮೇಲಿನ ನಗೆ ಅಡಗಿತು. ವಯಸ್ಸಿನ ನಡುಕವೆಂದು ಕೆಲವರು, ಗಾಳಿ ಸೋಂಕೆಂದು ಕೆಲವರು ಹೇಳಿದರು. ಶಿಗ್ಗಾವಿಯ ಕಡೆಯಿಂದ ಯಾರೋ ತಂದುಕೊಟ್ಟ ತಾಯಿತವೂ ತೋಳನ್ನೇರಿತು. ಹೀಗೆ ಎರಡು ವರ್ಷ ಕಳೆದವು. ಒಂದು ದಿನ ನಾನು ಹಾನಗಲ್ಲಿನಿಂದ ಹೋದಾಗ ಅಕ್ಕ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯದೆ, ತಟ್ಟೆಯಲ್ಲಿಟ್ಟು ಪೂಜಿಸುತ್ತಿದ್ದಳು. "ತಮ್ಮಾ, ಕೈಯಿಂದ ಜಾರೀತೆಂಬ ಅಂಜಿಕೆ" ಎಂದು ಕಣ್ಣೀರು ತಂದಳು. ಮರುದಿನವೇ ಅವಳನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೋದೆ. ನರರೋಗ ತಜ್ಞರು ಅವಳನ್ನು ನಡೆಸಿ ನೋಡಿದರು, ಬರೆಯಿಸಿ ನೋಡಿದರು, ಪಾರ್ಕಿನ್ಸನ್ ರೋಗವೆಂದು ನಿರ್ಣಯಿಸಿದರು. ನಮ್ಮ ಆಯುರ್ವೇದವು ಕಂಪವಾತವೆಂದು ವರ್ಣಿಸಿರುವ ವ್ಯಾಧಿಗೆ ಇದು ತೀರ ಹತ್ತಿರದ್ದು.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸಂದೇಶವನ್ನು ದಾಟಿಸುವ ಸಂದಿಗೆ ಸಿನಾಪ್ಸ್ ಎಂದು ಹೆಸರು, ಅದೇ ನರಸಂಧಿ. ಹೊಲದ ಬದುವಿನ ಮೇಲೆ ಜನ ನಡೆದಾಡಿದಂತೆಲ್ಲ ಕಾಲುದಾರಿ ಮೂಡುವಂತೆ, ಬಳಸಿದ ಸಂಧಿ ಬಲಗೊಳ್ಳುತ್ತದೆ. ಬಳಸದಿದ್ದುದು ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಮಗು ಅಕ್ಷರ ಕಲಿಯುವುದೂ, ಅಕ್ಕ ಎಲೆಕಟ್ಟು ಕಟ್ಟಲು ಕಲಿತದ್ದೂ ಹೀಗೆಯೇ. ಯಾವ ದಾರಿಯನ್ನು ಉಳಿಸಿಕೊಳ್ಳಬೇಕೆಂದು ಸೂಚಿಸುವ ದೂತರಲ್ಲಿ ಡೋಪಮೀನ್ ಪ್ರಮುಖವಾದುದು. ಮಿದುಳಿನ ಬುಡದಲ್ಲಿ ಅದನ್ನು ತಯಾರಿಸುವ ಕೋಶಗಳು ಬಹುಪಾಲು ನಶಿಸಿದ ಬಳಿಕವೇ ಕೈ ನಡುಗತೊಡಗುವುದು.

ಅಕ್ಕನಿಗೆ ಬರೆದುಕೊಟ್ಟ ಗುಳಿಗೆಯಲ್ಲಿದ್ದುದು ಲೆವೊಡೋಪಾ. ಮಿದುಳನ್ನು ಸೇರಿ ಡೋಪಮೀನ್ ಆಗಿ ಮಾರ್ಪಡುವ ವಸ್ತುವಿದು. ಕೆಲವು ವಾರಗಳಲ್ಲಿ ಅವಳ ಅಂಗೈ ನಿಂತಿತು. ಲಿಂಗ ಮತ್ತೆ ಕರಸ್ಥಲಕ್ಕೆ ಬಂದಿತು. ಆ ಗುಳಿಗೆ ಎಲ್ಲಿಂದ ಬಂತೆಂದು ಹುಡುಕಹೊರಟ ನನಗೆ ಅಚ್ಚರಿ ಕಾದಿತ್ತು.

ಬೇಲಿಯ ಮೇಲೆ ಹಬ್ಬಿ, ಮುಟ್ಟಿದವರಿಗೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಿಂದ ಈ ವಸ್ತುವನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದರು. ಅದು ಮಿದುಳಿಗೆ ಮದ್ದಾದೀತೆಂದು ಆಗಿನ ವಿಜ್ಞಾನಕ್ಕೆ ತಿಳಿದಿರಲಿಲ್ಲ. ಇತ್ತ ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧದ ಬೇರು ರಕ್ತದ ಒತ್ತಡವನ್ನೂ ಚಿತ್ತಕ್ಷೋಭೆಯನ್ನೂ ತಗ್ಗಿಸುವುದೆಂದು 1931ರಲ್ಲಿ ಪ್ರಕಟಿಸಿದ್ದರು. ಆ ಬೇರಿನ ಸಾರವಾದ ರೆಸರ್ಪಿನ್ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಟ್ಟಿತು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಚುಚ್ಚಿದರು. ಮೊಲಗಳು ಕಿವಿ ಜೋಲಿಸಿ ಕಲ್ಲಿನಂತೆ ಬಿದ್ದುಕೊಂಡವು. ಬಳಿಕ ಡೋಪಾ ಕೊಟ್ಟರು. ಅವು ಎದ್ದು ಓಡಾಡಿದವು. ಮೊದಲನೆಯ ಮದ್ದು ಬರಿದುಮಾಡಿದ್ದನ್ನು ಎರಡನೆಯದು ತುಂಬಿತ್ತು. 1960ರಲ್ಲಿ ವಿಯೆನ್ನಾದ ಹೋರ್ನಿಕೀವಿಚ್ ಮತ್ತು ಸಂಗಡಿಗರು, ತೀರಿಕೊಂಡ ರೋಗಿಗಳ ಮಿದುಳನ್ನು ಪರೀಕ್ಷಿಸಿ ಅಲ್ಲಿ ಡೋಪಮೀನ್ ಬತ್ತಿಹೋಗಿದ್ದುದನ್ನು ಕಂಡರು. 1967ರಲ್ಲಿ ಅಮೆರಿಕದ ಕೋಟ್ಸಿಯಾಸ್ ಅವರು ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ, ಬಾಯಿಯ ಮೂಲಕವೇ ಕೊಡುವ ಕ್ರಮವನ್ನು ತೋರಿಸಿದರು. ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂದಾಗ ಅದನ್ನು ಹಂಚಿಕೊಂಡವರಲ್ಲಿ ಎರಿಕ್ ಕಾಂಡೆಲ್ ಒಬ್ಬರು. ಕಲಿಕೆಯಿಂದ ನರಸಂಧಿಗಳು ಮಾರ್ಪಡುವುದನ್ನು ಅವರು ಕಡಲಿನ ಸಿಂಬಳದ ಹುಳುವೊಂದರಲ್ಲಿ ಕಂಡುಹಿಡಿದಿದ್ದರು.

ಬೀಜವನ್ನು ಸೋಸಿದವರಿಗೂ ಮೊಲವನ್ನು ಕಾದು ಕುಳಿತವರಿಗೂ "ಇದರಿಂದ ಯಾರಿಗೇನು ಉಪಯೋಗ" ಎಂದು ಯಾರಾದರೂ ಕೇಳಿದ್ದರೆ, ಸವಣೂರಿನ ಒಬ್ಬ ಮುದುಕಿಗೆ ಉಪಯೋಗವೆಂದು ಹೇಳಲು ಅವರಿಗೆ ಸಾಧ್ಯವಿರಲಿಲ್ಲ. 1937ರಿಂದ 1967ರವರೆಗಿನ ಮೂವತ್ತು ವರ್ಷ ಯಾರೋ ಹಣ ಕೊಟ್ಟರು, ಯಾರೋ ದುಡಿದರು. ಅದರ ಫಲ ನಮ್ಮ ಮನೆಯ ಪೂಜೆಯ ಜಗಲಿಗೆ ಬಂದಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನೋದಿ ಯಾರೂ ನಸುಗುನ್ನಿಯ ಪುಡಿಯನ್ನಾಗಲಿ ಸರ್ಪಗಂಧವನ್ನಾಗಲಿ ತಾವಾಗಿ ಸೇವಿಸಕೂಡದು. ಗುಳಿಗೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬಾರದು; ಅದರಿಂದ ಪ್ರಾಣಾಪಾಯವುಂಟು.

ಕಥೆ ಇಲ್ಲಿಗೆ ಮುಗಿದಿದ್ದರೆ ಹಿರೇಕೆರೂರಿನ ಆ ಮಗಳಿಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಈ ಮದ್ದು ಕೊರತೆಯನ್ನು ತುಂಬುತ್ತದೆಯೇ ಹೊರತು ರೋಗವನ್ನು ನಿಲ್ಲಿಸುವುದಿಲ್ಲ. ಈಗ ಅಕ್ಕನಿಗೆ ಗುಳಿಗೆಯ ಹೊತ್ತು ಮೀರಿದರೆ ಮೈ ಕಟ್ಟುತ್ತದೆ. ಗುಳಿಗೆ ಏರಿದ ಹೊತ್ತಿನಲ್ಲಿ ಕೈಕಾಲುಗಳು ಅವಳ ಮಾತು ಕೇಳದೆ ತೂಗಾಡುತ್ತವೆ. ವರ್ಷಗಟ್ಟಲೆ ಏರಿಳಿಯುತ್ತ ಬಂದ ಡೋಪಮೀನಿನಿಂದ ನರಸಂಧಿಗಳು ತಪ್ಪು ಪಾಠವನ್ನು ಕಲಿತುಬಿಡುತ್ತವೆ, ಕಲಿತದ್ದನ್ನು ಮರೆಯಲಾರದೆ ಹೋಗುತ್ತವೆ ಎಂಬುದಕ್ಕೆ ಸಂಶೋಧಕರಿಗೆ ಆಧಾರಗಳು ದೊರೆತಿವೆ. ಆ ತಪ್ಪು ಪಾಠವನ್ನು ಅಳಿಸುವ ಬಗೆ ಇನ್ನೂ ಪೂರ್ತಿಯಾಗಿ ಕೈಗೆ ಸಿಕ್ಕಿಲ್ಲ. ತಂದೆಗೆ ನಿರುಪಯುಕ್ತವಾಗಿ ತೋರಿದ ಆ ವಿಷಯವೇ ನನ್ನ ಅಕ್ಕನ ಇಂದಿನ ಸಂಕಟದ ಬೇರು.

ಇನ್ನು ಹಣದ ಮಾತು. ನಮ್ಮ ದೇಶ ಎಲ್ಲ ಬಗೆಯ ಸಂಶೋಧನೆಗೂ ಸೇರಿ ವೆಚ್ಚ ಮಾಡುವುದು 2020-21ರ ಲೆಕ್ಕದಂತೆ ರಾಷ್ಟ್ರೀಯ ಉತ್ಪನ್ನದ ನೂರು ರೂಪಾಯಿಗೆ ಸುಮಾರು 64 ಪೈಸೆ. ಕಿರಿಯ ಸಂಶೋಧಕರ ಶಿಷ್ಯವೇತನ 31,000ದಿಂದ 37,000 ರೂಪಾಯಿಗೆ ಏರಿದ್ದು 2023ರಲ್ಲಿ. ಅದೂ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಕೈಸೇರುವುದುಂಟು. ಅದೇ ವರ್ಷ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿದ್ದರೂ, ಅದರ ಬಹುಭಾಗ ಸರಕಾರದ ಹೊರಗಿನ ಉದ್ದಿಮೆಗಳಿಂದಲೂ ದಾನಿಗಳಿಂದಲೂ ಬರಬೇಕೆಂಬುದು ಎಣಿಕೆ. ದಾನಿಗಳು ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರಕ್ಕೆ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ಹತ್ತು ವರ್ಷಗಳಿಗೆಂದು 225 ಕೋಟಿ ರೂಪಾಯಿ ಕೊಟ್ಟಿತು. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸಿ, ಮುಪ್ಪಿನ ಮರೆವು ಹೇಗೆ ಮೂಡುವುದೆಂದು ಅರಸುತ್ತಿದ್ದಾರೆ.

ನಮ್ಮ ಸಮಾಜಕ್ಕೆ ಇಂಥ ದಾನ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದ್ದು ಭಕ್ತರು ಕೊಟ್ಟ ಕಾಣಿಕೆಯಿಂದ. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದ ಏಳು ಜನ ಶಿಕ್ಷಕರು ಶ್ರೀಮಂತರಾಗಿರಲಿಲ್ಲ. ಶಾಲೆ ಕಟ್ಟಿಸಿದವನಿಗೆ ಮಕ್ಕಳು ಕಣ್ಣೆದುರು ಕಾಣುತ್ತಾರೆ, ಅನ್ನ ನೀಡಿದವನಿಗೆ ಉಂಡವರ ಮುಖ ಕಾಣುತ್ತದೆ. ಸಂಶೋಧನೆಗೆ ಕೊಟ್ಟವನಿಗೆ ಮಾತ್ರ ಉಂಡವರ ಮುಖ ಕಾಣುವುದಿಲ್ಲ. ಅವರು ಇನ್ನೂ ಹುಟ್ಟಿರಲಿಕ್ಕಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸಲೂ ಬಾರದ ಈ ದಾಸೋಹದಲ್ಲಿ ಅಹಂಕಾರಕ್ಕೆ ಎಡೆಯೇ ಇಲ್ಲ.

ಆದುದರಿಂದ ನಮ್ಮ ಮಠಮಾನ್ಯಗಳಿಗೂ ದತ್ತಿಗಳಿಗೂ ನನ್ನ ಬಿನ್ನಹವಿಷ್ಟೆ: ಉತ್ಸವದ ಕಮಾನಿಗೂ ಮಂಗಲ ಕಾರ್ಯಾಲಯಕ್ಕೂ ಎತ್ತುವ ಹಣದಲ್ಲಿ ಒಂದು ಪಾಲನ್ನು ಪ್ರತ್ಯೇಕವಾಗಿ ತೆಗೆದಿಡಿರಿ. ಶಿಷ್ಯವೇತನ ತಡವಾದ ತಿಂಗಳಲ್ಲಿ ಒಬ್ಬ ಸಂಶೋಧಕಿಯ ಊಟ, ಬಾಡಿಗೆಗಳು ನಿಲ್ಲದಂತೆ ನೋಡಿಕೊಂಡರೂ ಸಾಕು. ಹಣವಿಲ್ಲದ ಮನೆಗಳೂ ಕೊಡಬಲ್ಲವು. ನಡುಗುವ ಕೈಯನ್ನು ಸೆರಗಿನಲ್ಲಿ ಮುಚ್ಚಿಡದೆ ವೈದ್ಯರಿಗೆ ತೋರಿಸುವುದು, ಅಧ್ಯಯನಕ್ಕೆಂದು ಬಂದವರನ್ನು ಕೇಳಿ ತಿಳಿದು, ಮನಸ್ಸೊಪ್ಪಿದರೆ ಸಹಕರಿಸುವುದು, ಇವೂ ದಾನವೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಭಂಡಾರವೊಂದಿದೆ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮವರು ಮರಣಾನಂತರದ ಮಿದುಳು ದಾನದ ಬಗ್ಗೆ ಅಲ್ಲಿ ವಿಚಾರಿಸಬಹುದು. ದೇಹವನ್ನು ಮನೆಯವರಿಗೆ ಮರಳಿಸುವುದರಿಂದ ಸಮಾಧಿಯ ವಿಧಿಗೆ ಅಡ್ಡಿಯಿಲ್ಲ.

ಹಿರೇಕೆರೂರಿನ ಶರಣರೆ, ನಿಮ್ಮ ಮಗಳನ್ನು ಕಳುಹಿಸಿರಿ. ಅವಳ ಪ್ರಯೋಗ ಕೈಗೂಡದೆಯೂ ಇರಬಹುದು. ಬಿತ್ತಿದ್ದೆಲ್ಲ ಬೆಳೆಯಾಗುವುದಿಲ್ಲವೆಂಬುದನ್ನು ರೈತರಾದ ನಿಮಗೆ ನಾನು ಹೇಳಬೇಕಿಲ್ಲ. ಬೀಗರು ಮತ್ತೆ ಕೇಳಿದರೆ ಸವಣೂರಿಗೆ ಕರೆತನ್ನಿರಿ. ಮುಂಜಾವಿನ ಗುಳಿಗೆ ನಾಟಿದ ಮೇಲೆ ಅಕ್ಕ ಪೂಜೆಗೆ ಕೂಡ್ರುತ್ತಾಳೆ. ಅವಳ ಅಂಗೈ ಈಗ ಅರ್ಧ ಗಂಟೆಯಷ್ಟು ಹೊತ್ತು ನಿಲ್ಲುತ್ತದೆ. ಅದನ್ನು ಇನ್ನಷ್ಟು ಹೊತ್ತು ನಿಲ್ಲಿಸುವ ಕೆಲಸ ಕಾಯಕವಲ್ಲವೆಂದು ಅದನ್ನು ಕಂಡವರಾರೂ ಹೇಳಲಾರರು.