ಗೊತ್ತಿರುವ ದೋಷಗಳು



ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕುಳಿತು ಬರೆಯುವ, ಆದರೆ ನಿಮ್ಮ ಮನೆಯವರಾರೂ ಓದದ ಒಂದು ಬಗೆಯ ಬರಹವಿದೆ. ನೆಟ್‌ವರ್ಕ್ ಸ್ವಿಚ್ಚಿನ ತಂತ್ರಾಂಶ ಹೊಸ ಆವೃತ್ತಿಯಾಗಿ ಹೊರಬಂದಾಗ ಅದರೊಡನೆ ಪ್ರಕಟವಾಗುವ ಬಿಡುಗಡೆ ಟಿಪ್ಪಣಿ ಅದು. ಅಚ್ಚಾದದ್ದನ್ನೆಲ್ಲ ಓದುವ ಹಳೆಯ ಚಟದಿಂದ ನಾನು ಅಂತಹ ಕೆಲವನ್ನು ಓದಿದೆನು. ಸಾಹಿತ್ಯದ ಸೊಗಸು ಅದರಲ್ಲಿಲ್ಲ. ಆದರೂ ನಮ್ಮ ಸಾರ್ವಜನಿಕ ಬದುಕಿಗೆ ತೀರ ಅಗತ್ಯವಾದ ಒಂದು ಸದಾಚಾರ ಆ ಒಣ ಪುಟಗಳಲ್ಲಿ ಅಡಗಿದೆಯೆಂದು ನನಗೆ ದೃಢವಾಗಿ ಅನಿಸಿದೆ. ಅದನ್ನು ಕುರಿತೇ ಈ ಬರಹ.

ಈ ವಿಷಯದ ಪರಿಚಯವಿಲ್ಲದ ಬಂಧುಗಳಿಗಾಗಿ ಸ್ವಿಚ್ ಎಂದರೇನೆಂದು ಮೊದಲು ಹೇಳುತ್ತೇನೆ. ಬೆಂಗಳೂರಿನಿಂದ ಹೊರಟ ನಮ್ಮ ರೈಲು ಬೀರೂರಿನಲ್ಲಿ ಮುಖ್ಯ ಮಾರ್ಗವನ್ನು ಬಿಟ್ಟು ತರೀಕೆರೆ, ಭದ್ರಾವತಿಗಳ ದಾರಿ ಹಿಡಿದು ಶಿವಮೊಗ್ಗಕ್ಕೆ ಬರುತ್ತದೆ. ಬೀರೂರಿನಲ್ಲಿ ಹಳಿಯ ಕೂಡುಗತ್ತರಿ ಸರಿಯಾಗಿ ಹೊರಳದಿದ್ದರೆ ರೈಲು ಹುಬ್ಬಳ್ಳಿಯ ಕಡೆಗೆ ನಡೆದೀತು. ಕಂಪ್ಯೂಟರುಗಳ ಜಾಲದಲ್ಲಿಯೂ ಮಾಹಿತಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ವಿಳಾಸವಿರುತ್ತದೆ. ಆ ವಿಳಾಸವನ್ನು ಓದಿ, ಪೊಟ್ಟಣವನ್ನು ತಕ್ಕ ಬಾಗಿಲಿನಿಂದ ಹೊರಗೆ ಕಳುಹಿಸುವ ಪೆಟ್ಟಿಗೆಯೇ ಸ್ವಿಚ್ಚು. ದೊಡ್ಡ ಸ್ವಿಚ್ಚುಗಳಲ್ಲಿ ಗೂಡುಗಳಿದ್ದು, ಒಂದೊಂದು ಗೂಡಿನಲ್ಲಿ ಮಾಡ್ಯೂಲ್ ಎಂಬ ಹಲಗೆಯೊಂದು ಕೂರುತ್ತದೆ. ಉಳಿದವುಗಳನ್ನು ಅಂಕೆಯಲ್ಲಿಡುವ ಮೇಲ್ವಿಚಾರಕ ಮಾಡ್ಯೂಲೂ ಉಂಟು. ಶಾಲೆಯಲ್ಲಿ ತರಗತಿಯ ಉಪಾಧ್ಯಾಯರೂ ಅವರ ಮೇಲೊಬ್ಬ ಮುಖ್ಯೋಪಾಧ್ಯಾಯರೂ ಇರುವ ಹಾಗೆ. ಇವುಗಳನ್ನು ನಡೆಸುವುದು ತಂತ್ರಾಂಶ. ನಮ್ಮ ರಾಜ್ಯದ ಸರ್ಕಾರಿ ಕಚೇರಿಗಳನ್ನು ಬೆಸೆದಿರುವ ಸ್ವಾನ್ ಎಂಬ ಜಾಲವು ರಾಜಧಾನಿ, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರ ಎಂಬ ಮೂರು ಮೆಟ್ಟಿಲುಗಳದ್ದು. ಭದ್ರಾವತಿಯ ಕಚೇರಿಯ ಕಿಟಕಿಯಲ್ಲಿ ಒತ್ತಿದ ಗುಂಡಿಯ ಹಿಂದೆ ಇಂತಹ ಎಷ್ಟೋ ಪೆಟ್ಟಿಗೆಗಳ ಕೆಲಸವಿರುತ್ತದೆ.

ಈಗ ಟಿಪ್ಪಣಿಯ ವಿಚಾರ. ಅದರಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ಭಾಗಗಳಿರುತ್ತವೆ. ಮೊದಲನೆಯದು ಹೊಸ ಸೌಲಭ್ಯಗಳು. ಎರಡನೆಯದು ಗೊತ್ತಿರುವ ದೋಷಗಳು. ಮೂರನೆಯದು ನಿವಾರಣೆಯಾದ ದೋಷಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಭಾಗ. ಅಲ್ಲಿ ಪ್ರತಿ ದೋಷಕ್ಕೂ ಒಂದು ಸಂಖ್ಯೆ. ಅದರ ಕೆಳಗೆ ದೋಷದ ಲಕ್ಷಣ, ಅದು ಕಾಣಿಸಿಕೊಳ್ಳುವ ಸಂದರ್ಭ, ಅದು ಸರಿಹೋಗುವವರೆಗೆ ಬಳಕೆದಾರನು ಮಾಡಿಕೊಳ್ಳಬಹುದಾದ ತಾತ್ಕಾಲಿಕ ಉಪಾಯ. ಹಳೆಯ ವೈದ್ಯರು ರೋಗದ ಲಕ್ಷಣ, ನಿದಾನ, ಚಿಕಿತ್ಸೆಗಳನ್ನು ಹೇಳುತ್ತಿದ್ದ ಕ್ರಮವೇ ಇದು. ಮಾರಾಟಕ್ಕಿಟ್ಟ ವಸ್ತುವಿನ ಕುಂದನ್ನು ಮಾರುವವನೇ ಸಂಖ್ಯೆ ಹಾಕಿ ಬರೆದುಕೊಡುತ್ತಾನೆ! ನಮ್ಮ ಸಂತೆಯಲ್ಲಿ ಎತ್ತು ಮಾರುವವನು ಅದರ ಸುಳಿಯ ದೋಷವನ್ನು ತಾನಾಗಿ ಹೇಳಿದ್ದುಂಟೇ?

ಹಾಗೆಂದು ಇದು ನಮಗೆ ಅಪರಿಚಿತವಾದ ಸಂಪ್ರದಾಯವೇನೂ ಅಲ್ಲ. ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಮೊದಲ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದ ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲು. ಶಬ್ದಾಲಂಕಾರ, ಅರ್ಥಾಲಂಕಾರಗಳು ಬರುವುದು ಆಮೇಲೆ. ಒಡವೆಗಿಂತ ಮೊದಲು ಊನವನ್ನು ನೋಡಿಕೊಳ್ಳಬೇಕೆಂಬ ವಿವೇಕದಿಂದಲೇ ನಮ್ಮ ಭಾಷೆಯ ಗ್ರಂಥಪರಂಪರೆ ನಮಗೆ ಕಾಣಸಿಗುತ್ತದೆ. ಅಚ್ಚಿನ ಕಾಲ ಬಂದ ಮೇಲೆಯೂ ಒಳ್ಳೆಯ ಪ್ರಕಾಶಕರು ಪುಸ್ತಕದ ಕೊನೆಯಲ್ಲಿ ತಪ್ಪೋಲೆಯನ್ನು ಅಂಟಿಸುತ್ತಿದ್ದರು: ಇಂತಹ ಪುಟ, ಇಂತಹ ಸಾಲು, ಇದು ತಪ್ಪು, ಇದು ಒಪ್ಪು. ತಪ್ಪೋಲೆಯಿಲ್ಲದ ಪಠ್ಯಪುಸ್ತಕದಲ್ಲಿ ಒಂದು ಇಸವಿ ತಪ್ಪಾಗಿ ಅಚ್ಚಾದರೆ ಏನಾಗುತ್ತದೆ? ಅದನ್ನು ನಿಷ್ಠೆಯಿಂದ ಬಾಯಿಪಾಠ ಮಾಡಿದ ಮಗುವಿನ ಅಂಕ ಹೋಗುತ್ತದೆ. ಅಚ್ಚುಮೊಳೆಯ ತಪ್ಪು ಮಗುವಿನ ತಪ್ಪಾಗುತ್ತದೆ.

ಭದ್ರಾವತಿಯ ಜನಕ್ಕೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರದು. ವಿಶೇಷ ಉಕ್ಕು ಗಿರಾಕಿಗೆ ಹೋಗುವಾಗ ಅದರ ಜೊತೆ ಪರೀಕ್ಷಾಪತ್ರವೊಂದು ಹೋಗುತ್ತದೆ. ಅದರಲ್ಲಿ ಆ ಎರಕದ ಸಂಖ್ಯೆಯಿರುತ್ತದೆ, ಇಂಗಾಲ, ಮ್ಯಾಂಗನೀಸ್, ಕ್ರೋಮಿಯಂಗಳ ಪ್ರಮಾಣವಿರುತ್ತದೆ. ಅವುಗಳ ಸಾಲಿನಲ್ಲಿಯೇ ಗಂಧಕ ಮತ್ತು ರಂಜಕಗಳ ಪ್ರಮಾಣವೂ ಇರುತ್ತದೆ. ಸಾಮಾನ್ಯವಾಗಿ ಇವೆರಡೂ ಉಕ್ಕಿಗೆ ಬೇಡವಾದವು. ಹೆಚ್ಚಾದರೆ ಉಕ್ಕು ಬಿರುಸಾಗಿ ಒಡೆಯುತ್ತದೆ. ಗಂಧಕವೇ ಇಲ್ಲದ ಉಕ್ಕೆಂದು ಯಾವ ಕುಲುಮೆಯೂ ಜಂಬ ಕೊಚ್ಚುವುದಿಲ್ಲ. ಎಷ್ಟಿದೆಯೆಂದು ಬರೆದುಕೊಟ್ಟರೆ ಅದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದೆಂಬುದನ್ನು ಕೊಳ್ಳುವ ಎಂಜಿನಿಯರ್ ತಾನೇ ನಿರ್ಧರಿಸುತ್ತಾನೆ.

ಸ್ವಿಚ್ಚಿನ ಲೋಕಕ್ಕೆ ಈ ಶಿಸ್ತು ಪುಕ್ಕಟೆಯಾಗಿ ಬಂದುದಲ್ಲ. ೧೯೯೦ರ ಜನವರಿ ೧೫ರಂದು ಅಮೆರಿಕದ ಏಟಿ ಅಂಡ್ ಟಿ ಸಂಸ್ಥೆಯ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆಗಳ ಕಾಲ ತತ್ತರಿಸಿತು. ದೂರದೂರುಗಳ ಕರೆಗಳಲ್ಲಿ ಸುಮಾರು ಅರ್ಧದಷ್ಟು ಮುಟ್ಟಲೇ ಇಲ್ಲ. ಕಾರಣವೇನೆಂದರೆ, ಹಿಂದಿನ ಡಿಸೆಂಬರಿನಲ್ಲಿ ಆ ಜಾಲದ ೧೧೪ ದೊಡ್ಡ ಸ್ವಿಚ್ಚುಗಳಿಗೆ ಹೊಸ ತಂತ್ರಾಂಶವನ್ನು ತುಂಬಲಾಗಿತ್ತು. ಸ್ವಿಚ್ಚೊಂದು ಕೆಟ್ಟು ಚೇತರಿಸಿಕೊಂಡಾಗ ಆ ಸುದ್ದಿ ನೆರೆಯ ಸ್ವಿಚ್ಚುಗಳಿಗೆ ಬೇಗನೆ ತಲುಪಲೆಂಬುದು ಅದರ ಹೊಸ ಸೌಲಭ್ಯ. ನ್ಯೂಯಾರ್ಕಿನ ಒಂದು ಸ್ವಿಚ್ಚು ಸಣ್ಣ ತೊಂದರೆಯಿಂದ ಕೆಲವೇ ಕ್ಷಣ ನಿಂತು ಎದ್ದಿತು. ಎದ್ದ ಸುದ್ದಿಯನ್ನು ಕೇಳಿದ ನೆರೆಯವು, ಅದನ್ನು ಬರೆದುಕೊಳ್ಳುತ್ತಿರುವಾಗಲೇ ಎರಡನೆಯ ಸಂದೇಶ ಬಂದದ್ದರಿಂದ ಗಲಿಬಿಲಿಗೊಂಡು ತಾವೂ ನಿಂತು ಎದ್ದವು. ಅವು ಎದ್ದ ಸುದ್ದಿ ಅವುಗಳ ನೆರೆಯವನ್ನು ಕೆಡವಿತು. ಹೀಗೆ ಇಡೀ ದೇಶದಲ್ಲಿ ಸ್ವಿಚ್ಚುಗಳು ಒಂದನ್ನೊಂದು ಬೀಳಿಸುತ್ತ ಏಳುತ್ತ ಇದ್ದವು. ಮೂಲದಲ್ಲಿದ್ದದ್ದು ತಂತ್ರಾಂಶದಲ್ಲಿ ತಪ್ಪಾದ ಜಾಗದಲ್ಲಿದ್ದ ಒಂದು ಆಜ್ಞೆ. ಚೇತರಿಕೆಗಾಗಿ ಮಾಡಿದ ಸೌಲಭ್ಯವೇ ಕಾಯಿಲೆಯನ್ನು ಹಂಚಿತು. ಆ ಕಾರಣವನ್ನು ಬಚ್ಚಿಡದೆ ವಿವರಿಸಿದ್ದರಿಂದ ಅದು ಇಂದಿಗೂ ಕಾಲೇಜುಗಳಲ್ಲಿ ಪಾಠವಾಗಿ ಉಳಿದಿದೆ.

ಇದಕ್ಕೆ ಪ್ರತಿಯಾಗಿ ೨೦೨೦ರ ಜನವರಿ ೧ನ್ನು ನೋಡಿ. ಸಿಸ್ಕೊ ಕಂಪನಿಯ ಹಳೆಯ ತಂತ್ರಾಂಶವಿದ್ದ ಉಪಕರಣಗಳು ತಮಗೆ ತಾವೇ ಬರೆದುಕೊಂಡ ಗುರುತುಪತ್ರಗಳೆಲ್ಲ ಆ ದಿನದ ಮೊದಲ ಕ್ಷಣದಲ್ಲಿ, ನಮ್ಮ ಗಡಿಯಾರದ ಪ್ರಕಾರ ಬೆಳಗಿನ ಐದೂವರೆಗೆ, ಅವಧಿ ಮುಗಿದು ನಿರುಪಯುಕ್ತವಾಗಲಿದ್ದವು. ಇದೂ ದೋಷವೇ. ಆದರೆ ಯಾವ ಆವೃತ್ತಿಗಳಲ್ಲಿ ಈ ದೋಷವಿದೆ, ಏನು ಕೆಡಬಹುದು, ಏನು ಮಾಡಬೇಕು ಎಂಬ ಪ್ರಕಟಣೆ ಆ ದಿನಕ್ಕಿಂತ ಮೊದಲೇ ಹೊರಬಿದ್ದಿತು. ಓದಿದವರಿಗೆ ಸರಿಪಡಿಸಿಕೊಳ್ಳಲು ದಾರಿಯಿತ್ತು.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಕಿತ್ತೂರಿದೆ. ೧೯೮೪ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ೧೯೮೬ರಲ್ಲಿ ಮೊದಲು ಕೆಲಸ ಮಾಡತೊಡಗಿದ್ದು ಅಲ್ಲಿ. ಅದೂ ಒಂದು ಸ್ವಿಚ್ಚೇ. ಹೊರದೇಶದ ಯಂತ್ರಗಳು ತಂಪು ಕೋಣೆಯನ್ನು ಬೇಡುತ್ತಿದ್ದ ಕಾಲದಲ್ಲಿ ಈ ಯಂತ್ರವನ್ನು ಹವಾನಿಯಂತ್ರಣವಿಲ್ಲದೆಯೇ ನಡೆಯುವಂತೆ ಕಟ್ಟಲಾಯಿತು. ಸೆಕೆ, ಧೂಳು, ಆಗಾಗ ಹೋಗುವ ಕರೆಂಟು ಎಂಬ ನಮ್ಮ ಹಳ್ಳಿಗಳ ತೊಂದರೆಗಳ ಪಟ್ಟಿಯನ್ನು ಕಟ್ಟುವ ಮೊದಲೇ ಎದುರಿಗಿಟ್ಟುಕೊಂಡಿದ್ದರ ಫಲವದು.

ಇಷ್ಟನ್ನೂ ಹೇಳಿದ್ದು ನಮ್ಮೂರುಗಳ ಕಚೇರಿಯ ಕಿಟಕಿಯ ಬಳಿಗೆ ನಿಮ್ಮನ್ನು ಕರೆತರುವುದಕ್ಕಾಗಿ. ಯಾವ ಸರ್ಕಾರಿ ತಂತ್ರಾಂಶವಾದರೂ ಉದ್ಘಾಟನೆಯ ದಿನ ಹೊಸ ಸೌಲಭ್ಯಗಳ ಪಟ್ಟಿ ದೊಡ್ಡಕ್ಷರಗಳಲ್ಲಿ ಬರುತ್ತದೆ. ಗೊತ್ತಿರುವ ದೋಷಗಳ ಪಟ್ಟಿಯನ್ನು ನಾನೆಲ್ಲಿಯೂ ಗೋಡೆಯ ಮೇಲೆ ಕಂಡಿಲ್ಲ. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವನಿಗೆ ಸಿಗುವ ಉತ್ತರ ಒಂದೇ: “ಸರ್ವರ್ ಇಲ್ಲ.” ನಿಂತದ್ದು ದೂರದ ಸರ್ವರೋ, ನಡುವಿನ ಸ್ವಿಚ್ಚೋ, ರಸ್ತೆ ಅಗೆಯುವಾಗ ಕಡಿದ ಕೇಬಲ್ಲೋ, ನಾಳೆ ಬಂದರೆ ಸರಿಹೋಗಿರುತ್ತದೆಯೋ, ಅವನಿಗೆ ತಿಳಿಯುವ ಬಗೆಯಿಲ್ಲ. ಅವನ ಒಂದು ದಿನದ ಕೂಲಿ ಯಾವ ಲೆಕ್ಕಕ್ಕೂ ಸೇರದೆ ಹೋಗುತ್ತದೆ.

ಇದಕ್ಕಿಂತ ನೋವಿನ ಸಂಗತಿ ಬೆರಳಚ್ಚಿನದು. ವಯಸ್ಸಾದವರ, ಕೈಕೆಲಸ ಮಾಡಿದವರ ಬೆರಳ ಗೆರೆಗಳು ಸವೆದಿರುತ್ತವೆ. ಯಂತ್ರ ಅವನ್ನು ಓದಲಾರದು. ಇದು ತಂತ್ರಜ್ಞರಿಗೆ ಚೆನ್ನಾಗಿ ಗೊತ್ತಿರುವ ದೋಷ. ಅದಕ್ಕೆಂದೇ ಕಣ್ಣಿನ ಪಾಪೆ, ಮುಖದ ಗುರುತು, ಮೊಬೈಲಿಗೆ ಬರುವ ಸಂಖ್ಯೆ ಎಂಬ ಬದಲಿ ದಾರಿಗಳನ್ನು ಆಧಾರ್ ವ್ಯವಸ್ಥೆಯಲ್ಲಿ ಇಟ್ಟಿದ್ದಾರೆ. ಆದರೆ ಕುಲುಮೆಯ ಮುಂದೆ ಜೀವ ತೇಯ್ದ ವೃದ್ಧನಿಗೆ ಕಿಟಕಿಯಲ್ಲಿ ಹೇಳುವ ಮಾತು: “ನಿಮ್ಮ ಬೆರಳು ಬರ್ತಿಲ್ಲ ಅಜ್ಜ.” ಆತ ತನ್ನ ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ನೆಲವೂ ನಾಚಿಕೊಂಡು ತಾನೇ ಡೊಂಕೆಂದು ನಂಬುತ್ತಿದೆ.

ನನ್ನ ಮಾತಿನ ಸಾರವಿಷ್ಟು. ಪಟ್ಟಿಯಲ್ಲಿ ಬರೆಯದ ದೋಷ ಎಲ್ಲಿಗೂ ಹೋಗುವುದಿಲ್ಲ, ಬಳಸುವವನ ತಲೆಯ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಜನರು ಬಳಸಲೇಬೇಕಾದ ಪ್ರತಿ ತಂತ್ರಾಂಶಕ್ಕೂ ಕಿಟಕಿಯ ಪಕ್ಕದಲ್ಲಿ ಒಂದು ಹಾಳೆ ಇರಬೇಕು, ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ಲಕ್ಷಣ, ಸಂದರ್ಭ, ಸದ್ಯದ ಉಪಾಯ ಎಂದು ಮೂರು ಕಾಲಮ್ಮು ಸಾಕು. “ಬೆರಳಚ್ಚು ಓದದಿರಬಹುದು. ಹಿರಿಯರಲ್ಲಿ, ಶ್ರಮಿಕರಲ್ಲಿ ಹೆಚ್ಚು. ಇಂತಹ ಬದಲಿ ವಿಧಾನವನ್ನು ಕೇಳಿ ಪಡೆಯಿರಿ.” ಶಿವಮೊಗ್ಗ ಎಂಬ ಹೆಸರು ೨೦೧೪ರ ನವೆಂಬರ್ ೧ರಿಂದ ಇಂಗ್ಲಿಷಿನಲ್ಲಿಯೂ ಅಧಿಕೃತವಾಯಿತಷ್ಟೆ; ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ‘ಶಿಮೊಗ’ ಎಂದಿದ್ದು, ಎರಡೂ ಒಂದೇ ಊರೆಂದು ಯಂತ್ರಕ್ಕೆ ತಿಳಿಯದಿದ್ದರೆ ಅದನ್ನೂ ಆ ಹಾಳೆಯಲ್ಲಿ ಬರೆಯಬಹುದು.

ಆಕ್ಷೇಪಗಳು ಬರುತ್ತವೆ. ದೋಷವನ್ನು ಹೇಳಿಕೊಂಡರೆ ಜನರ ನಂಬಿಕೆ ಹೋಗುವುದಿಲ್ಲವೇ ಎನ್ನುತ್ತಾರೆ. ಸ್ವಿಚ್ಚು ತಯಾರಿಸುವವರು ದಶಕಗಳಿಂದ ಹೇಳಿಕೊಳ್ಳುತ್ತಿದ್ದಾರೆ. ಜಗತ್ತು ಅವರಿಂದ ಕೊಳ್ಳುವುದನ್ನು ನಿಲ್ಲಿಸಿಲ್ಲ. ಕಳ್ಳರಿಗೆ ಕಿಂಡಿ ತೋರಿಸಿದಂತಾಗುವುದಿಲ್ಲವೇ ಎನ್ನುವುದು ಎರಡನೆಯದು, ಮತ್ತು ಇದರಲ್ಲಿ ಹುರುಳಿದೆ. ಅದಕ್ಕೆ ಆ ವೃತ್ತಿಯವರೇ ಒಂದು ಪದ್ಧತಿ ಕಂಡುಕೊಂಡಿದ್ದಾರೆ. ಭದ್ರತೆಗೆ ಸಂಬಂಧಿಸಿದ ದೋಷವನ್ನು ಕಂಡವರು ಮೊದಲು ತಯಾರಕರಿಗೆ ಗುಟ್ಟಾಗಿ ತಿಳಿಸುತ್ತಾರೆ, ಮದ್ದು ಸಿದ್ಧವಾದಾಗ ಸಂಖ್ಯೆಯೊಂದಿಗೆ ಎಲ್ಲರಿಗೂ ಪ್ರಕಟವಾಗುತ್ತದೆ. ಬೆರಳು ಸವೆದ ಅಜ್ಜನ ಕಷ್ಟದಲ್ಲಿ ಅಂತಹ ಗುಟ್ಟೇನೂ ಇಲ್ಲ. ಮೂರನೆಯ ಆಕ್ಷೇಪ ನನ್ನದೇ. ಬರೆದು ಹಾಕಿದರೆ ಕೆಲಸ ಮುಗಿಯಿತೆಂದು ತಿಳಿದು, ದೋಷಗಳು ವರ್ಷಗಟ್ಟಲೆ ಪಟ್ಟಿಯಲ್ಲಿಯೇ ಸುಖವಾಗಿ ಉಳಿಯುವ ಅಪಾಯವಿದೆ. ಸ್ವಿಚ್ಚುಗಳ ಟಿಪ್ಪಣಿಗಳಲ್ಲಿಯೂ ಅಂತಹ ಹಳಬ ದೋಷಗಳುಂಟೆಂದು ನಿಮಗೆ ಗೊತ್ತು. ಅದಕ್ಕಾಗಿಯೇ ಮೂರನೆಯ ಭಾಗ ಇರುವುದು. ಹಾಳೆಯಲ್ಲಿ ದಿನಾಂಕವಿರಲಿ. ಈ ಬಾರಿ ಎರಡನೆಯ ಪಟ್ಟಿಯಲ್ಲಿದ್ದದ್ದು ಮುಂದಿನ ಬಾರಿ ಮೂರನೆಯದಕ್ಕೆ ಹೋಯಿತೇ ಎಂದು ಯಾರು ಬೇಕಾದರೂ ನಿಂತು ಓದಿ ಕೇಳಬಹುದು.

ನಿಮ್ಮಲ್ಲಿ ಈ ವೃತ್ತಿಯಲ್ಲಿರುವವರಿಗೆ ಒಂದು ವಿನಂತಿ. ಊರಿಗೆ ಬಂದಾಗ ನಿಮ್ಮ ತಾಲ್ಲೂಕಿನ ಯಾವುದಾದರೊಂದು ಕಿಟಕಿಯ ಮುಂದೆ ಅರ್ಧ ದಿನ ನಿಂತು, ಅಲ್ಲಿ ಮತ್ತೆ ಮತ್ತೆ ಎದುರಾಗುವ ದೋಷಗಳನ್ನು ನಿಮ್ಮ ಕಚೇರಿಯಲ್ಲಿ ಬರೆಯುವ ಕ್ರಮದಲ್ಲಿಯೇ ಕನ್ನಡದಲ್ಲಿ ಬರೆದು, ಅಲ್ಲಿಯ ಅಧಿಕಾರಿಗಳಿಗೆ ಕೊಡಿ. ಅವರೇನೂ ನಮ್ಮ ಶತ್ರುಗಳಲ್ಲ. ಬೈಗುಳವನ್ನು ದಿನವೂ ಕೇಳುವವರು ಅವರೇ. ಹಾಳೆಯೊಂದು ಗೋಡೆಯ ಮೇಲಿದ್ದರೆ ಅವರ ಗಂಟಲಿಗೂ ವಿಶ್ರಾಂತಿ. ಹೀಗೆ ಮಾಡಿದವರು ಏನಾಯಿತೆಂದು ನನಗೆ ತಿಳಿಸಿ.

ಎಲ್ಲರಿಗೂ ಒಳಿತಾಗಲಿ.