ಒಂದೇ ಸಾಲು, ಎರಡು ಕೂಲಿ ಯಾಕೆ?

ಕಳೆ ಕೀಳೋಕೆ ನಾಲ್ಕು ಆಳು ಕರೆದರೂ ಕಾನೂನಿನ ಲೆಕ್ಕದಲ್ಲಿ ನೀವು ಮಾಲೀಕರೇ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. 1948ರ ಕನಿಷ್ಠ ವೇತನ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ ಎರಡೂ ಅದರೊಳಗೆ ಸೇರಿಹೋಗಿವೆ. ಕನಿಷ್ಠ ಕೂಲಿ ಎಷ್ಟು ಅಂತ ಗೊತ್ತುಮಾಡೋದು ಮಾತ್ರ ಈಗಲೂ ರಾಜ್ಯ ಸರ್ಕಾರವೇ.

ನಾನು ಹೇಳಬೇಕಿರೋದು ಹೆಣ್ಣಾಳಿನ ಕೂಲಿ ಬಗ್ಗೆ. ಗುಂಡಿ ತೋಡೋದು ಭಾರದ ಕೆಲಸ, ಅದಕ್ಕೆ ಬೇರೆ ದರ ಇರಲಿ, ಒಪ್ತೀನಿ. ಆದರೆ ಮೆಣಸಿನಕಾಯಿ ಬಿಡಿಸುವಾಗ ಗಂಡಾಳು, ಹೆಣ್ಣಾಳು ಒಂದೇ ಸಾಲಲ್ಲಿರ್ತಾರೆ. ಅಲ್ಲಿ ಹೆಂಗಸರಿಗೆ ಕಡಿಮೆ ಕೊಟ್ಟರೆ ಕಾನೂನಿಗೆ ವಿರುದ್ಧ. ಸಮ ಮಾಡ್ತೀನಿ ಅಂತ ಗಂಡಸರ ಕೂಲಿ ಇಳಿಸೋ ಹಾಗೂ ಇಲ್ಲ, ಅದನ್ನೂ ಸಂಹಿತೆ ತಡೆದಿದೆ. ಖರ್ಚು ಹೆಚ್ಚುತ್ತೆ, ನಿಜ. ಬೆಲೆ ಬಿದ್ದ ವರ್ಷ ಇನ್ನೂ ಕಷ್ಟ. ಹಾಗಂತ ಆ ನಷ್ಟವನ್ನ ಹೆಣ್ಣಾಳೇ ಯಾಕೆ ಹೊರಬೇಕು?

ಇನ್ನೊಂದು ವಿಷಯ. ದಿನಗೂಲಿಯವರಿಗೆ ಅವತ್ತಿನ ಕೆಲಸ ಮುಗಿದಾಗಲೇ ದುಡ್ಡು ಕೊಡಬೇಕು, ವಾರದ ಲೆಕ್ಕದವರಿಗೆ ವಾರದ ಕೊನೆಯ ಕೆಲಸದ ದಿನ. "ಮಾಲು ಮಾರಿದ ಮೇಲೆ ಕೊಡ್ತೀನಿ" ಅನ್ನೋದು ನಡೆಯಲ್ಲ. ಫೋನ್‌ಪೇ ಮಾಡಿದರೆ ನಿಮಗೂ ಲೆಕ್ಕ ಉಳಿಯುತ್ತೆ. ಆದರೆ ಗಂಡನ ನಂಬರಿಗೆ ಹಾಕಬೇಡಿ, ಆಕೆಯದಕ್ಕೇ ಹಾಕಿ.